ಧೂಳಿನ ತೂಕವಷ್ಟೇ ಸಾಲದು, ಮೂಲವೂ ತಿಳಿಯಬೇಕು

ಕಡಲೆ, ಗೋಧಿಯ ರಾಶಿ ಶುರುವಾದರೆ ನವಲಗುಂದ, ಕುಂದಗೋಳ, ಅಣ್ಣಿಗೇರಿ ಭಾಗದ ಹಳ್ಳಿಗಳಲ್ಲಿ ಕೆಮ್ಮು, ದಮ್ಮು ಹೆಚ್ಚುತ್ತವೆ. ಕಾರಣ ಕೇಳಿದರೆ ಸಿದ್ಧ ಉತ್ತರ, ‘ಧೂಳಿನ ಅಲರ್ಜಿ’. ಆದರೆ ಯಾವ ಧೂಳು? ಎರೆಮಣ್ಣಿನದೇ, ರಾಶಿಯ ಹೊಟ್ಟಿನದೇ, ಲಾರಿಗಳ ಹೊಗೆಯೇ, ಇಲ್ಲವೆ ಮನೆಯ ಒಲೆಯ ಮಸಿಯೇ?

ಈ ಭೇದ ಮುಖ್ಯ. ನಮ್ಮ ಕೂದಲೆಳೆಯ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ದಪ್ಪ ಕಣಗಳನ್ನು ಮೂಗು, ಗಂಟಲು ಬಹುಮಟ್ಟಿಗೆ ತಡೆಯುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಹೊಗೆಯ ಕಣಗಳು ಹೆಚ್ಚಾಗಿ ಈ ಜಾತಿಯವು.

ಗಾಳಿ ಅಳೆಯುವ ಸಾಮಾನ್ಯ ಯಂತ್ರ ಧೂಳು ಎಷ್ಟಿದೆಯೆಂದು ಹೇಳುತ್ತದೆ, ಎಲ್ಲಿಂದ ಬಂತೆಂದು ಹೇಳದು. ಆ ಕೆಲಸಕ್ಕೆ ನೆರವಾಗುವುದು 1931ರಲ್ಲಿ ಜರ್ಮನಿಯಲ್ಲಿ ರುಸ್ಕಾ ಮತ್ತು ನಾಲ್ ರೂಪಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಸೋಸುಹಾಳೆಯ ಮೇಲೆ ಹಿಡಿದ ಕಣಗಳನ್ನು ಅದರಡಿ ಇಟ್ಟರೆ ಪ್ರತಿಯೊಂದರ ಆಕಾರ ಕಾಣುತ್ತದೆ. ಮಣ್ಣಿನ ಕಣ ಒಡೆದ ಕಲ್ಲಿನಂತೆ ಅಂಕುಡೊಂಕು. ಮಸಿ ಪೋಣಿಸಿದ ಮಣಿಗಳಂತೆ. ಕಲ್ಲಿದ್ದಲಿನ ಹಾರುಬೂದಿ ನುಣುಪಾದ ಗುಂಡು. ಕಾಂಗ್ರೆಸ್ ಕಸದ ಪರಾಗ ಮುಳ್ಳುಚೆಂಡು. ಜೊತೆಗೆ ಎಕ್ಸ್-ರೇ ಜೋಡಣೆಯಿದ್ದರೆ ಕಣದೊಳಗಿನ ಧಾತುಗಳೂ ತಿಳಿಯುತ್ತವೆ: ಮಣ್ಣಾದರೆ ಸಿಲಿಕಾನ್, ಅಲ್ಯುಮಿನಿಯಂ, ಕಟ್ಟಿಗೆಯ ಹೊಗೆಯಾದರೆ ಇಂಗಾಲದೊಡನೆ ಪೊಟ್ಯಾಸಿಯಂ.

ಇದು ಜಾದೂ ಅಲ್ಲ. ಡೀಸೆಲ್ ಮಸಿ, ಒಲೆಯ ಮಸಿ ನೋಡಲು ಒಂದೇ ತರಹ ಇರಬಹುದು. ಆಗ ಬೇರೆ ರಾಸಾಯನಿಕ ಪರೀಕ್ಷೆಯೂ ಬೇಕು. ಆದರೂ ಊಹೆಗಿಂತ ಇದು ಎಷ್ಟೋ ಮೇಲು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಹುಬ್ಬಳ್ಳಿ-ಧಾರವಾಡ ಸೇರಿದೆ. ಆದರೆ ಅದು ನಗರಗಳ ಕಾರ್ಯಕ್ರಮ. ಹಳ್ಳಿಯ ಶ್ವಾಸಕೋಶಕ್ಕೆ ಬೇರೆ ಲೆಕ್ಕವೇ? ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, ಕೃಷಿ ವಿಶ್ವವಿದ್ಯಾಲಯವಿದೆ, 2016ರಿಂದ ಐಐಟಿಯೂ ಇದೆ. ಬಿತ್ತನೆ, ರಾಶಿ, ಮಳೆಗಾಲ ಹೀಗೆ ಹಂಗಾಮಿಗೊಮ್ಮೆ ತಾಲೂಕಿನ ಕೆಲವು ಹಳ್ಳಿಗಳ ಧೂಳನ್ನು ಹಿಡಿದು ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಗೆ ಕನ್ನಡದಲ್ಲೇ ತಿಳಿಸಬೇಕೆಂಬುದು ನನ್ನ ಒತ್ತಾಯ. ಮಣ್ಣು ಹೆಚ್ಚಿದ್ದರೆ ರಸ್ತೆಗೆ ಡಾಂಬರು ಬೇಕು. ಮಸಿ ಹೆಚ್ಚಿದ್ದರೆ ಒಲೆ ಬದಲಾಗಬೇಕು. ರೋಗ ಒಂದು, ಮದ್ದು ಇನ್ನೊಂದು ಆಗಬಾರದು.

ಅಲ್ಲಿಯವರೆಗೆ ಕೈಕಟ್ಟಿ ಕೂಡಬೇಕಿಲ್ಲ. ಬೀಡಿ ಮುಟ್ಟದ ಹೆಣ್ಣುಮಕ್ಕಳಿಗೂ ಒಲೆಯ ಹೊಗೆಯಿಂದ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಬರುತ್ತದೆಂಬುದು ಸಿದ್ಧವಾದ ಸಂಗತಿ. ಸಿಲಿಂಡರ್ ಬಂದ ಮನೆಯಲ್ಲೂ ನೀರು ಕಾಯಿಸಲು, ರೊಟ್ಟಿ ಮಾಡಲು ಹತ್ತಿಕಟ್ಟಿಗೆ, ಕುಳ್ಳು ಉರಿಯುತ್ತಿದ್ದರೆ ಒಲೆಯನ್ನು ಹೊರಗಿಡಿ, ಇಲ್ಲವೆ ಹೊಗೆಗೂಡು ಹಾಕಿಸಿ. ರಾಶಿಯ ಯಂತ್ರದ ಬಳಿ ಗಾಳಿಗೆ ಬೆನ್ನು ಮಾಡಿ ನಿಲ್ಲಿ, ಬಾಯಿ-ಮೂಗಿಗೆ ಮಾಸ್ಕ್ ಇರಲಿ. ಎರಡು ವಾರ ಮೀರಿದ ಕೆಮ್ಮನ್ನು ಧೂಳಿನ ತಲೆಗೆ ಕಟ್ಟಬೇಡಿ; ಕ್ಷಯವೂ ಇರಬಹುದು, ಕಫ ಪರೀಕ್ಷೆ ಮಾಡಿಸಿ.