ಮರಳು ನಮ್ಮದು, ಅಯಸ್ಕಾಂತ ಯಾರದು?

ಕಾಗದದ ಮೇಲೆ ಕಬ್ಬಿಣದ ಪುಡಿ ಚೆಲ್ಲಿ, ಅಡಿಯಲ್ಲಿ ಅಯಸ್ಕಾಂತವನ್ನಿಟ್ಟು ನಿಮಗೆಲ್ಲ ಬಲರೇಖೆಗಳನ್ನು ತೋರಿಸಿದ್ದು ನೆನಪಿರಬಹುದು. ಅಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಕಳೆದ ತಿಂಗಳು ಮನೆಗೆ ಬಂದಿದ್ದ. ನಮ್ಮ ದೇಶದ ಖನಿಜದಿಂದಲೇ ಮೋಟಾರಿನ ಅಯಸ್ಕಾಂತ ತಯಾರಿಸಹೊರಟಿರುವ ಹೊಸ ಕಂಪನಿಯೊಂದನ್ನು ಸೇರುತ್ತಿದ್ದಾನಂತೆ. ಜೊತೆಗಿದ್ದ ನೆಂಟರೊಬ್ಬರು ನಕ್ಕು, "ಚೀನಾದಿಂದ ಅಗ್ಗಕ್ಕೆ ಬರುವಾಗ ಈ ಹುಚ್ಚು ಯಾಕಪ್ಪ?" ಎಂದರು. ಮನೆಗೆ ಬಂದವರೆಂದು ಸುಮ್ಮನಿದ್ದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರೂ ಓದುತ್ತಾರೆಂದು ಬಲ್ಲೆ.

ಅಗ್ಗವೆಂಬುದು ಮಾರುವವನ ಮರ್ಜಿ ಇರುವವರೆಗೆ ಮಾತ್ರ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಧಾತುಗಳಿಗೂ ಅವುಗಳಿಂದಾದ ಅಯಸ್ಕಾಂತಗಳಿಗೂ ರಫ್ತು ಪರವಾನಗಿಯ ಕಟ್ಟುಪಾಡು ಹಾಕಿತು. ಕೆಲವೇ ತಿಂಗಳಲ್ಲಿ ನಮ್ಮ ಕೆಲವು ವಾಹನ ತಯಾರಕರು ವಿದ್ಯುತ್ ವಾಹನಗಳ ಉತ್ಪಾದನೆಯನ್ನು ತಗ್ಗಿಸಬೇಕಾಯಿತು. ಅಂಗೈಯಗಲದ ವಸ್ತುವಿಲ್ಲದೆ ಇಡೀ ಗಾಡಿ ನಿಂತಿತು.

"ಮರಳೆಲ್ಲ ನಮ್ಮದೇ" ಎಂದು ಎದೆ ತಟ್ಟಿಕೊಳ್ಳುವವರ ಮೇಲೂ ನನಗೆ ಅಷ್ಟೇ ಮುನಿಸು. 1909ರಲ್ಲಿ ಶಾಂಬರ್ಗ್ ಎಂಬ ಜರ್ಮನ್ ರಸಾಯನತಜ್ಞ ತಿರುವಾಂಕೂರಿನ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಗುರುತಿಸಿದ. ಆ ಮರಳು ಹಡಗೇರಿ ಹೋದದ್ದು ಗ್ಯಾಸ್ ದೀಪದ ಮ್ಯಾಂಟಲ್‌ಗೆ ಬೇಕಾದ ಥೋರಿಯಂಗಾಗಿ. ಮ್ಯಾಂಟಲ್ ಕಂಡುಹಿಡಿದ ವೆಲ್ಸ್‌ಬಾಕ್‌ನೇ 1885ರಲ್ಲಿ ಇಂದಿನ ಅಯಸ್ಕಾಂತಗಳ ಜೀವಾಳವಾದ ನಿಯೋಡೈಮಿಯಂ ಅನ್ನು ಬೇರ್ಪಡಿಸಿದವನು. ಮರಳಿತ್ತ ನಾಡು ನಮ್ಮದು, ವಿದ್ಯೆ ಅವರದು. 1952ರಲ್ಲೇ ಆಲುವಾದಲ್ಲಿ ಸರ್ಕಾರಿ ಕಾರ್ಖಾನೆ ಆರಂಭವಾದರೂ ಪ್ರಬಲ ಅಯಸ್ಕಾಂತವನ್ನು ನಾವು ಆಮದು ಮಾಡಿಕೊಳ್ಳುತ್ತಲೇ ಬಂದೆವು.

ಮರಳಿಗೂ ಅಯಸ್ಕಾಂತಕ್ಕೂ ನಡುವೆ ದೀರ್ಘ ದಾರಿಯಿದೆ. ಖನಿಜವನ್ನು ಕರಗಿಸಿ, ಒಂದನ್ನೊಂದು ಹೋಲುವ ಧಾತುಗಳನ್ನು ಹಂತಹಂತವಾಗಿ ಬೇರ್ಪಡಿಸಿ, ಲೋಹವಾಗಿಸಿ, ಕಬ್ಬಿಣ ಮತ್ತು ಬೋರಾನ್ ಬೆರೆಸಿ, ಅತಿ ನುಣ್ಣಗೆ ಪುಡಿಮಾಡಿ, ಕಾಂತಕ್ಷೇತ್ರದಲ್ಲಿ ಒತ್ತಿ, ಸುಮಾರು 1,000 ಡಿಗ್ರಿ ಶಾಖದಲ್ಲಿ ಬೇಯಿಸಬೇಕು. ಈ ಕೊಂಡಿಗಳಲ್ಲಿ ಒಂದು ತಪ್ಪಿದರೂ ಸ್ವಾವಲಂಬನೆ ಬರಿಯ ಭಾಷಣ. ಅಮೆರಿಕವೇ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು: ಜನರಲ್ ಮೋಟಾರ್ಸ್ ಕಟ್ಟಿದ ಮ್ಯಾಗ್ನೆಕ್ವೆಂಚ್ 1995ರಲ್ಲಿ ಚೀನೀ ಪಾಲುದಾರರಿದ್ದ ಗುಂಪಿಗೆ ಮಾರಾಟವಾಯಿತು, ಮುಂದೆ ಉತ್ಪಾದನೆಯೂ ಚೀನಾ ಸೇರಿತು. ಕಳೆದುಕೊಂಡ ಕಸುಬನ್ನು ಮರಳಿ ಪಡೆಯಲು ಅವರು ಇಂದಿಗೂ ಹಣ ಸುರಿಯುತ್ತಿದ್ದಾರೆ.

2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಗುರಿ ವರ್ಷಕ್ಕೆ 6,000 ಟನ್. ಒಳ್ಳೆಯದೇ. ಆದರೆ ಮಾರಾಟದ ಮೇಲಿನ ಪ್ರೋತ್ಸಾಹಧನ ಐದು ವರ್ಷಕ್ಕೆ ಮಾತ್ರ. ಆಮೇಲೆ ಕಾಯಬೇಕಾದವರು ಕೊಳ್ಳುವವರು.

ಹೊಸ ಉದ್ಯಮಗಳಿಗೂ ಒಂದು ಮಾತು. ಶಾಖ ತಾಳಲು ಬೇಕಾದ ಡಿಸ್ಪ್ರೋಸಿಯಂ ನಮ್ಮ ಮರಳಿನಲ್ಲಿ ತೀರ ವಿರಳ. ಹೊರಗಿನಿಂದ ತಂದಿದ್ದರೆ ಹಾಗೆಂದೇ ಹೇಳಿ. ಮೊನಜೈಟ್ ಜೊತೆಗೆ ವಿಕಿರಣ ಸೂಸುವ ಥೋರಿಯಂ ಇರುತ್ತದೆ. ಕಡಲತೀರದ ಬಡವರ ಅಂಗಳಕ್ಕೆ ಅದರ ಶೇಷವನ್ನು ಸುರಿದು ಗಳಿಸುವ ಸ್ವದೇಶಿ ನನಗೆ ಬೇಡ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ವಾಹನ ಕಂಪನಿಗಳಲ್ಲಿ ಖರೀದಿಯ ಕಾಗದಕ್ಕೆ ಸಹಿ ಹಾಕುತ್ತೀರಿ. ಗುಣಮಟ್ಟವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ, ರಿಯಾಯಿತಿ ಬೇಡ. ಪಾಸಾದ ಮೇಲೆ ನಾಲ್ಕು ಕಾಸು ಹೆಚ್ಚಾಯಿತೆಂದು ಮಾತ್ರ ತಿರಸ್ಕರಿಸಬೇಡಿ. ಆ ನಾಲ್ಕು ಕಾಸು ನಷ್ಟವಲ್ಲ, ಕಲಿಕೆಯ ಶುಲ್ಕ.