ಜೂನ್ 1ರಂದು ಹುಟ್ಟಿದ ಕವಿಗಳ ಜಾತಕ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಾಸ್ಟೆಲುಗಳಲ್ಲಿ ಪದ್ಯ ಬರೆಯೋ ಕೆಲವು ಹುಡುಗರಿಗೆ ಒಂದು ಕಾಯಿಲೆ ಅಂಟಿದೆ. ಪದ್ಯ ಓದೋ ಮೊದಲೇ 'ನನಗೆ ಕವಿಯಾಗೋ ಯೋಗ ಐತಾ?' ಅಂತ ಕೇಳ್ತಾರೆ. ವಾರಭವಿಷ್ಯ ಸಾಲದು ಅಂತ ಮೊಬೈಲಿನ ಜಾತಕ, ಅದೂ ಸಾಲದು ಅಂತ ಸಂಖ್ಯಾಶಾಸ್ತ್ರ, ಚೀನೀಯರ ಪ್ರಾಣಿವರ್ಷ!

ಆಗಲಿ, ನೋಡೇಬಿಡೋಣ. ನೀನು ಹುಟ್ಟಿದ್ದು ಯಾವಾಗ? ಮಾರ್ಕ್ಸ್ ಕಾರ್ಡಿನಲ್ಲಿ ಜೂನ್ 1. ಪಕ್ಕದ ಮಂಚದವನು? ಅವನೂ ಜೂನ್ 1. ಶಾಲೆಗೆ ಸೇರಿಸಲು ವಯಸ್ಸು ಸರಿಹೊಂದಲಿ ಅಂತ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಅವ್ವನನ್ನು ಕೇಳಿದರೆ 'ಸಜ್ಜೆ ಕೊಯ್ಯೋ ಕಾಲ, ಹೊತ್ತು ಮುಳುಗೋ ಮುಂದೆ' ಅಂತಾಳೆ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತೆ ಅಂತ ಜೋಯಿಸರೇ ಹೇಳ್ತಾರೆ. ಕೂಲಿಗೆ ಹೋದ ಅವ್ವನ ಕೈಯಲ್ಲಿ ಕುಡುಗೋಲಿತ್ತು, ಗಡಿಯಾರ ಇರಲಿಲ್ಲ.

ಆ ಸುಳ್ಳು ತಾರೀಖನ್ನೇ ಹಿಡಿದು ಹೊರಡೋಣ. ಪಾಶ್ಚಾತ್ಯ ಪದ್ಧತಿಯಲ್ಲಿ ಜೂನ್ 1 ಎಂದರೆ ಮಿಥುನ, ಒಡೆಯ ಬುಧ. ನೀನು ಮಾತುಗಾರ, ಚಂಚಲ. ನಮ್ಮ ಪಂಚಾಂಗದಲ್ಲಿ ಆ ದಿನ ಸೂರ್ಯ ಇನ್ನೂ ವೃಷಭದಲ್ಲೇ ಇದ್ದಾನೆ, ಒಡೆಯ ಶುಕ್ರ. ನೀನು ಹಟಮಾರಿ, ಕಲಾರಸಿಕ. ಸಂಖ್ಯೆಯವರ ಪ್ರಕಾರ 1 ಅಂದರೆ ಸೂರ್ಯ, ಹುಟ್ಟು ನಾಯಕ. ಚೀನೀಯರಿಗೆ ವರ್ಷ ಸಾಕು. ಇಡೀ ತರಗತಿಯೇ ಒಂದು ಪ್ರಾಣಿ! ಒಬ್ಬ ಸೂರ್ಯ ಒಂದೇ ದಿನ ಎರಡು ರಾಶಿಯಲ್ಲಿ ಹೇಗಿದ್ದ? ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ಎರಡು ಲೆಕ್ಕಗಳ ನಡುವೆ ಈಗ ಸುಮಾರು 24 ಡಿಗ್ರಿ ಅಂತರ ಬಿದ್ದಿದೆ. ನಿನ್ನ ಸ್ವಭಾವ ಆ ಬಿರುಕಿನಲ್ಲಿ ಸಿಕ್ಕಿಕೊಂಡಿದೆ.

ನಮ್ಮದು ಬಿಡಿ, ಸಿದ್ಧಲಿಂಗಯ್ಯನವರನ್ನೇ ನೋಡಿ. ದಾಖಲೆಯಲ್ಲಿ ಅವರು ಹುಟ್ಟಿದ್ದು 1954ರ ಫೆಬ್ರವರಿ 3. ಪಾಶ್ಚಾತ್ಯರಿಗೆ ಕುಂಭ. ಪಂಚಾಂಗದ ಸೂರ್ಯ ಮಕರದಲ್ಲಿ. ಸಂಖ್ಯೆಯವರಿಗೆ 3, ಅಂದರೆ ಗುರು. ಚೀನೀಯರಿಗೆ ಅದು ಕುದುರೆ ವರ್ಷದ ಮೊದಲ ದಿನ. ಒಂದು ದಿನ ಮೊದಲು ಹುಟ್ಟಿದ್ದರೆ ಹಾವು! ಇದರಲ್ಲಿ ಯಾವುದು 1975ರಲ್ಲಿ 'ಹೊಲೆಮಾದಿಗರ ಹಾಡು' ಬರೆಸಿತು? ಎತ್ತಿನ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಹೊಲ ಉಳುತ್ತಿದ್ದುದನ್ನೂ, ಅವರಲ್ಲಿ ಒಬ್ಬ ತನ್ನ ಅಪ್ಪನೇ ಆಗಿದ್ದುದನ್ನೂ ಅವರು 'ಊರುಕೇರಿ'ಯಲ್ಲಿ ಹೇಳಿದ್ದಾರೆ. ಆ ನೊಗ ಕುಂಡಲಿಯ ಹನ್ನೆರಡು ಮನೆಗಳಲ್ಲಿ ಯಾವ ಮನೆಯಲ್ಲಿದೆ? ಜೋಯಿಸರು ಹೇಳಲಿ!

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಆರನೇ ಶತಮಾನದ ವರಾಹಮಿಹಿರನ 'ಬೃಹಜ್ಜಾತಕ' ತೆರೆದು ನೋಡಿ. ಅಲ್ಲಿ ಗ್ರಹಗಳಿಗೂ ಜಾತಿ! ಗುರು, ಶುಕ್ರ ಬ್ರಾಹ್ಮಣರಿಗೆ, ಸೂರ್ಯ, ಮಂಗಳ ಕ್ಷತ್ರಿಯರಿಗೆ, ಚಂದ್ರ ವೈಶ್ಯರಿಗೆ, ಬುಧ ಶೂದ್ರರಿಗೆ. ಅಂತ್ಯಜರಿಗೆ? ಶನಿ! ಊರೆಲ್ಲ ಹೆದರುವ, ಬೈಗುಳವಾಗಿ ಬಳಸುವ ಗ್ರಹ ನಮ್ಮ ಪಾಲಿಗೆ. ಮದುವೆಗೆ ನೋಡೋ ಕೂಟಗಳಲ್ಲಿ ರಾಶಿಗಳಿಗೂ ವರ್ಣ: ಕರ್ಕಾಟಕ, ವೃಶ್ಚಿಕ, ಮೀನ ಬ್ರಾಹ್ಮಣ, ಮಿಥುನ, ತುಲಾ, ಕುಂಭ ಶೂದ್ರ. ನೆಲದ ಮೇಲೆ ಕೇರಿ ಕಟ್ಟಿದ್ದು ಸಾಲದೆ ಆಕಾಶದಲ್ಲೂ ಕೇರಿ ಕಟ್ಟಿದ್ದಾರೆ. ಈ ಪುರೋಹಿತಶಾಹಿಯ ಬಾಗಿಲಲ್ಲಿ ನಿಂತು 'ನಾನು ಕವಿಯೇ, ಸ್ವಾಮಿ?' ಅಂತ ಕೇಳ್ತೀಯಲ್ಲ, ನಾಚಿಕೆಯಾಗೋದಿಲ್ಲವೇ?

'ಆದರೂ ನನ್ನ ಸ್ವಭಾವ ಹೇಳಿದ್ದು ಸರಿಯಾಗೈತಲ್ಲ' ಅಂತೀಯ. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರದ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ 'ಇದು ನಿನ್ನೊಬ್ಬನದೇ ವ್ಯಕ್ತಿತ್ವ' ಅಂತ ಒಂದೊಂದು ಹಾಳೆ ಕೊಟ್ಟ. ಎಲ್ಲ ಹಾಳೆಯಲ್ಲೂ ಒಂದೇ ಬರಹ, ಅದೂ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಐದಕ್ಕೆ ಸರಾಸರಿ ನಾಲ್ಕಕ್ಕೂ ಮೇಲೆ ಅಂಕ ಬಂತು. ನಮ್ಮ ಹಡಗಲಿ ತಾಲ್ಲೂಕಿನ ಮೈಲಾರ ನೋಡಿದವರಿಗೆ ಇದು ಹೊಸದಲ್ಲ. ಗೊರವಯ್ಯ ಬಿಲ್ಲೇರಿ ಒಂದು ಸಾಲು ನುಡಿಯುತ್ತಾನೆ. ರೈತ ಅದರಲ್ಲಿ ಮಳೆ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ಸಾಲು ಅವನದು, ಅರ್ಥ ಕೇಳುವವನದು.

'ಬೇಂದ್ರೆಯವರೇ ಸಂಖ್ಯೆಗಳಲ್ಲಿ ಮುಳುಗಿದ್ದರಲ್ಲ?' ಅನ್ನೋರಿದ್ದಾರೆ. ಮುಳುಗಿದ್ದರು, ನಿಜ. ಆದರೆ ಅವರ ಹಾಡು ಜನರ ಬಾಯಲ್ಲಿ ಉಳಿದದ್ದು ಸಂಖ್ಯೆಯಿಂದಲ್ಲ, ಧಾರವಾಡದ ಆಡುಮಾತಿಗೆ ಅವರು ಕೊಟ್ಟ ಕಿವಿಯಿಂದ.

ಇದು ಕವಿಗಳ ಖಯಾಲಿ ಮಾತ್ರವಲ್ಲ ಗೆಳೆಯರೇ. ಎಣ್ಣೆ, ಬಾಚಣಿಗೆ ಕಾಣದ ತಲೆಯಲ್ಲಿ ಕೂದಲು ಗಂಟು ಬಿದ್ದರೆ 'ಜಡೆ ಬಂತು, ದೇವಿ ಕರೆದಳು' ಅಂತ ನಮ್ಮದೇ ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಕೇರಿಗಳಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. ಅದನ್ನು ನಿಷೇಧಿಸಲು 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಗುರುತು ನೋಡಿ ಹಣೆಬರಹ ಹೇಳುವ ವಿದ್ಯೆ ನಿನಗೆ ಕವಿಪಟ್ಟ ಕೊಡುತ್ತೆ, ನಿನ್ನ ತಂಗಿಯ ಬದುಕು ಕಿತ್ತುಕೊಳ್ಳುತ್ತೆ. ವಿದ್ಯೆ ಒಂದೇ! ಮೂಢನಂಬಿಕೆ ತಡೆಯಲು 2017ರಲ್ಲಿ ಕರ್ನಾಟಕ ಮಾಡಿದ ಕಾಯ್ದೆಯೂ ಜ್ಯೋತಿಷ್ಯ, ವಾಸ್ತುವನ್ನು ಮುಟ್ಟದೆ ಬಿಟ್ಟಿತು. ಸರ್ಕಾರ ಮುಟ್ಟದ್ದನ್ನು ನಾವೇ ಮುಟ್ಟಬೇಕು.

ಕವಿಯ ವ್ಯಕ್ತಿತ್ವ ಹುಟ್ಟಿದ ಗಳಿಗೆಯಲ್ಲಿಲ್ಲ. ಅವನು ಏನು ಕಂಡ, ಏನನ್ನು ನುಂಗಿಕೊಂಡ, ಯಾರ ಪರ ಬಾಯಿ ತೆರೆದ ಅನ್ನುವುದರಲ್ಲಿದೆ. ಈ ಸಲ ಊರಿಗೆ ಹೋದಾಗ ಅವ್ವನ ಹತ್ತಿರ ಕೂತು ಕೇಳಿ: ನಾನು ಹುಟ್ಟಿದ ದಿನ ಕೂಲಿ ಎಷ್ಟಿತ್ತು? ಹೊಕ್ಕುಳಬಳ್ಳಿ ಕೊಯ್ದವರು ಯಾರು? ಆ ರಾತ್ರಿ ನೀನು ಉಂಡೆಯಾ? ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದು ಮುಂದಿನ ಸಭೆಗೆ ತನ್ನಿ, ಓದೋಣ. ಯಾವ ಪಂಚಾಂಗಕ್ಕೂ ದಕ್ಕದ ಜಾತಕ ಅದು.