ಎಂಜಿನಿಯರ್ ಮಾಡಿದರೆ ತಪ್ಪು, ಎಫ್‌ಐಎ ಮಾಡಿದರೆ ನಿಯಮ

2026ರಿಂದ ಫಾರ್ಮುಲಾ ಒನ್ ಕಾರುಗಳ ಹಿಂದಿನ, ಮುಂದಿನ ರೆಕ್ಕೆಗಳೆರಡೂ ನೇರ ಹಾದಿಯಲ್ಲಿ ಮಲಗುತ್ತವೆ, ತಿರುವು ಬಂದಾಗ ಏಳುತ್ತವೆ. ಇದನ್ನು ಕ್ರಾಂತಿ ಎಂದು ಕೊಂಡಾಡುತ್ತಿರುವವರಿಗೆ ನನ್ನದೊಂದೇ ಪ್ರಶ್ನೆ. ನೇರ ಹಾದಿಯಲ್ಲಿ ರೆಕ್ಕೆ ಒಡ್ಡುವ ಗಾಳಿಯ ತಡೆ ಇಳಿಸುವ ಇದೇ ಕೆಲಸವನ್ನು ಮೆಕ್ಲಾರೆನ್ ಎಂಜಿನಿಯರುಗಳು 2010ರಲ್ಲೇ ಮಾಡಿ ತೋರಿಸಿದಾಗ ಅದರ ಕತ್ತು ಹಿಸುಕಿದ್ದು ಯಾರು?

ಆ ವರ್ಷದ ಮೆಕ್ಲಾರೆನ್ ಕಾರಿನ ಮೂತಿಯ ಮೇಲೆ, ಚಾಲಕನ ಮುಂದೆ, ಗಾಳಿ ಒಳಗೆಳೆದುಕೊಳ್ಳುವ ಒಂದು ಚಿಕ್ಕ ಬಾಯಿ ಇತ್ತು. ಕಾಕ್‌ಪಿಟ್ಟಿನ ಒಳಗಿನ ತೂತನ್ನು ಚಾಲಕ ಮೊಣಕಾಲಿನಿಂದ ಮುಚ್ಚಿದರೆ ಆ ಗಾಳಿ ಕೊಳವೆಯ ಮೂಲಕ ಹಿಂದಿನ ರೆಕ್ಕೆಗೆ ನುಗ್ಗುತ್ತಿತ್ತು. ರೆಕ್ಕೆಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ, ಡ್ರ್ಯಾಗ್ (ಗಾಳಿಯ ತಡೆ) ಇಳಿದು, ಕಾರು ಗಂಟೆಗೆ ಸುಮಾರು 10 ಕಿ.ಮೀ. ಹೆಚ್ಚು ಓಡುತ್ತಿತ್ತು. ಚಲಿಸುವ ಏರೋಡೈನಮಿಕ್ ಭಾಗಗಳಿಗೆ ನಿಷೇಧವಿತ್ತು. ಇದರಲ್ಲಿ ಚಲಿಸುವ ಭಾಗವೇ ಇರಲಿಲ್ಲ! ಎಫ್-ಡಕ್ಟ್ ಎಂದು ಹೆಸರಾದ ಈ ಉಪಾಯ ನಿಯಮದ ಒಂದಕ್ಷರವನ್ನೂ ಮುರಿಯಲಿಲ್ಲ. ಆದರೂ 2011ಕ್ಕೆ ಅದು ನಿಷಿದ್ಧ.

ಅದೇ 2011ರಲ್ಲಿ ಬಂದದ್ದೇನು? ಡಿಆರ್‌ಎಸ್! ರೆಕ್ಕೆಯ ಪಟ್ಟಿ ತೆರೆದು ಡ್ರ್ಯಾಗ್ ಇಳಿಸುವ ಅದೇ ಕೆಲಸ, ಈ ಸಲ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎಯ ಮೊಹರಿನೊಂದಿಗೆ. ಒಂದು ಸೆಕೆಂಡಿನೊಳಗೆ ಬೆನ್ನಟ್ಟಿದವನಿಗೆ ಮಾತ್ರ ಅದನ್ನು ಬಳಸುವ ಹಕ್ಕು, ಮುಂದಿದ್ದವನ ಕೈ ಕಟ್ಟಿ ಹಾಕಿದ್ದು. ಹದಿನೈದು ವರ್ಷ ಈ ಅನ್ಯಾಯಕ್ಕೆ 'ಓವರ್‌ಟೇಕಿಂಗ್' ಎಂದು ಹೆಸರಿಟ್ಟು ಮಾರಿದರು.

ಎಫ್-ಡಕ್ಟ್ ನಿಷೇಧಕ್ಕೆ ಕಾರಣ ಸುರಕ್ಷತೆ, ಎನ್ನುತ್ತಾರೆ. ಚಾಲಕರು ಸ್ಟೀರಿಂಗಿನಿಂದ ಒಂದು ಕೈ ತೆಗೆಯುತ್ತಿದ್ದರಂತೆ. ಮೆಕ್ಲಾರೆನ್ ಚಾಲಕ ಬಳಸಿದ್ದು ಮೊಣಕಾಲನ್ನು. ಕೈ ತೆಗೆದದ್ದು ಅವಸರದಲ್ಲಿ ನಕಲು ಮಾಡಿದ ಎದುರಾಳಿಗಳು. ನಕಲು ಕೆಟ್ಟಿದ್ದಕ್ಕೆ ಮೂಲವನ್ನು ಶಿಕ್ಷಿಸುವುದು ಯಾವ ಊರ ನ್ಯಾಯ?

ಇದು ಹಳೆಯ ಚಾಳಿ. 1978ರಲ್ಲಿ ಗಾರ್ಡನ್ ಮರ್ರೆ ಬ್ರಾಭಮ್ ಕಾರಿನ ಹಿಂಬದಿಗೆ ಫ್ಯಾನ್ ಕೂರಿಸಿ, ಅಡಿಯ ಗಾಳಿಯನ್ನು ಹೀರಿ ಕಾರನ್ನು ನೆಲಕ್ಕೆ ಅಂಟಿಸಿದರು. ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ನಿಕಿ ಲೌಡಾ 34 ಸೆಕೆಂಡುಗಳ ಅಂತರದಲ್ಲಿ ಗೆದ್ದರು. ಎದುರಾಳಿಗಳು ಬೊಬ್ಬೆ ಹೊಡೆದರು. ಆ ಕಾರು ಮತ್ತೆ ಯಾವ ಗ್ರ್ಯಾನ್ ಪ್ರಿ ಓಟಕ್ಕೂ ಇಳಿಯಲಿಲ್ಲ.

ಸುರಕ್ಷತೆಯ ಮಾತಾಡುವ ಇದೇ ಜನ 2022ರಲ್ಲಿ ಗ್ರೌಂಡ್ ಎಫೆಕ್ಟ್ ತಳವನ್ನು ಮರಳಿ ತಂದರು. ತಳ ಕಾರನ್ನು ನೆಲದತ್ತ ಹೀರಿ, ಬಿಟ್ಟು, ಮತ್ತೆ ಹೀರಿದಾಗ ಅದು ಕುಪ್ಪಳಿಸುತ್ತದೆ ಎಂಬುದು ಎಪ್ಪತ್ತರ ದಶಕದ ಕೊನೆಯಲ್ಲೇ ಲೋಟಸ್ ತಂಡ ಅನುಭವಿಸಿದ ಪಾಠ. ಬಾಕು ಓಟ ಮುಗಿಸಿದ ಲೂಯಿಸ್ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡು ಕಾರಿನಿಂದಿಳಿದದ್ದನ್ನು ಜಗತ್ತೇ ನೋಡಿತು. ಕೊನೆಗೆ 2023ಕ್ಕೆ ತಳದ ಅಂಚನ್ನು 15 ಮಿ.ಮೀ. ಎತ್ತರಿಸಬೇಕಾಯಿತು. ಮೊಣಕಾಲಿನಲ್ಲಿ ಅಪಾಯ ಕಂಡವರಿಗೆ ಬೆನ್ನುಮೂಳೆ ಕಾಣಲಿಲ್ಲ.

ಈ ರೋಗ ಒಂದೇ ಆಟದ್ದಲ್ಲ. ನಮ್ಮ ಐಪಿಎಲ್‌ಗೆ 2023ರಲ್ಲಿ ಇಂಪ್ಯಾಕ್ಟ್ ಪ್ಲೇಯರ್ ಎಂಬ ಬದಲಿ ಆಟಗಾರನ ನಿಯಮ ತುರುಕಿ ಆಲ್‌ರೌಂಡರ್‌ನ ಬೆಲೆ ಇಳಿಸಿದ್ದೂ ಇದೇ ಬುದ್ಧಿ. ಪ್ರೇಕ್ಷಕನಿಗೆ ಸಿಕ್ಸರ್ ಬೇಕು, ಓವರ್‌ಟೇಕ್ ಬೇಕು ಎಂದು ತಾವೇ ತೀರ್ಮಾನಿಸುತ್ತಾರೆ. ಆಟದ ಕಸುಬನ್ನು ಪ್ರೀತಿಸುವ ನಮ್ಮನ್ನು ಯಾರೂ ಕೇಳುವುದಿಲ್ಲ.

ಜಾಣ್ಮೆಯನ್ನು ಬದುಕಲು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2009 ಸಾಕ್ಷಿ. ಹೋಂಡಾ ಕೈಬಿಟ್ಟ ತಂಡವನ್ನು ರಾಸ್ ಬ್ರಾನ್ ಒಂದು ಪೌಂಡಿಗೆ ಕೊಂಡರು. ಕಾರಿನಡಿಯ ಗಾಳಿಗೆ ಹಿಂಬದಿಯಲ್ಲಿ ಎರಡು ಅಂತಸ್ತಿನ ದಾರಿ ಮಾಡಿಕೊಟ್ಟ ಡಬಲ್ ಡಿಫ್ಯೂಸರ್ ಬಲದಿಂದ ಜೆನ್ಸನ್ ಬಟನ್ ಮೊದಲ ಏಳು ಓಟಗಳಲ್ಲಿ ಆರನ್ನು ಗೆದ್ದರು. ಫೆರಾರಿ, ರೆಡ್ ಬುಲ್, ರೆನೊ ಕೋರ್ಟಿಗೆ ಹೋಗಿ ಸೋತವು. ಆ ವರ್ಷ ಎರಡೂ ಪ್ರಶಸ್ತಿಗಳು ಬ್ರಾನ್ ತಂಡದ ಪಾಲಾದವು. ಅದನ್ನೂ 2011ಕ್ಕೆ ನಿಷೇಧಿಸಿದರು. ದುಡ್ಡಿಲ್ಲದವನ ಕೈಯಲ್ಲಿರುವುದು ತಲೆಯೊಂದೇ, ಅದನ್ನೂ ಕಸಿದರೆ ಉಳಿಯುವುದು ದೊಡ್ಡವರ ಮೆರವಣಿಗೆ.

ನನ್ನ ಬೇಡಿಕೆ ಇಷ್ಟೇ. ಬರೆದ ನಿಯಮಕ್ಕೆ ಒಪ್ಪುವ ವಿನ್ಯಾಸವನ್ನು, ಜೀವಕ್ಕೆ ಅಪಾಯವೆಂದು ಪುರಾವೆ ಸಮೇತ ತೋರಿಸದ ಹೊರತು, ನಿಷೇಧಿಸಬಾರದು. ಹಿಂದೆ ಬಿದ್ದ ತಂಡಗಳು ದೂರು ಬರೆಯುವ ಪೆನ್ನು ಕೆಳಗಿಟ್ಟು ಡ್ರಾಯಿಂಗ್ ಬೋರ್ಡಿಗೆ ಮರಳಲಿ. ರೇಸ್ ನಡೆಯಬೇಕಾದದ್ದು ಅಲ್ಲೂ ಕೂಡ.